ಮಾವ ಓದಿ ಹೇಳುವ ಬಿಡುಗಡೆ ಪತ್ರ

ನನ್ನ ಸೋದರಮಾವ ಮದ್ದೂರಿನಲ್ಲಿ ವಕೀಲರು. ಎದುರು ಪಕ್ಷದವರ ವಿರುದ್ಧ ಅವರು ಎಷ್ಟು ಕೇಸು ಗೆದ್ದಿದ್ದಾರೆ ಎಂದು ದಯವಿಟ್ಟು ಕೇಳಬೇಡಿ, ಅದು ಕುಟುಂಬದ ಮರ್ಯಾದೆಯ ಪ್ರಶ್ನೆ. ಆದರೆ ತಮ್ಮ ವಿರುದ್ಧ ತಾವೇ ವಾದಕ್ಕೆ ನಿಂತರೆ ಅವರು ಇವತ್ತಿನವರೆಗೆ ಸೋತಿಲ್ಲ! ಇಂಥ ಮನುಷ್ಯನ ಕೈಗೆ ಅದಕ್ಕೆ ತಕ್ಕ ಆಯುಧವನ್ನು ಕೊಟ್ಟ ಮೂರ್ಖ ಯಾರು ಎಂದು ನೀವು ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನೇ.

ನಾನು ಅವರ ಜೂನಿಯರ್. ಜೂನಿಯರ್ ಎಂದರೆ ಕರಿಕೋಟು ಹಾಕಿಕೊಂಡು ಟೀ ತರಿಸುವವನು. ಉಳಿದ ಹೊತ್ತಿನಲ್ಲಿ ನನ್ನ ಕಸುಬು ಮಿಮಿಕ್ರಿ. ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವವರ ರಾಗ, ನಮ್ಮ ಟೈಪಿಸ್ಟನ ಆಕಳಿಕೆ, ನ್ಯಾಯಾಧೀಶರ ಮುಂದೆ ನಿಂತಾಗ ‘ಸ್ವಾಮಿ’ ಎಂಬ ಎರಡಕ್ಷರ ಹೊರಡಿಸಲು ನಾನು ಪಡುವ ಹೆರಿಗೆ ನೋವು, ಎಲ್ಲವನ್ನೂ ವಕೀಲರ ಸಂಘದ ಕೋಣೆಯಲ್ಲಿ ಮಾಡಿ ತೋರಿಸುತ್ತೇನೆ. ಅಲ್ಲಿ ಅತಿ ಹೆಚ್ಚು ಬೇಡಿಕೆ ಇರುವುದು ಮಾತ್ರ ಮಾವನಿಗೆ. ಮೊದಲು ಗಂಟಲು ಸರಿಪಡಿಸಿಕೊಳ್ಳಬೇಕು. ಆಮೇಲೆ ಕನ್ನಡಕವನ್ನು ಹಣೆಗೆ ಏರಿಸಬೇಕು. ಆಮೇಲೆ ಕಿಟಕಿಯಾಚೆ ನಿಂತಿರುವ ಬಸ್ಸನ್ನು ಆಪಾದಿತನನ್ನು ನೋಡುವಂತೆ ನೋಡಿ, “ಅದೇನಪ್ಪಾ ಅಂದ್ರೆ...” ಎನ್ನಬೇಕು. ಅಷ್ಟಕ್ಕೇ ಜನ ನಗುತ್ತಾರೆ. ವಾದ ಕೇಳಿ ನಗಬೇಕಾದವರು ಇಷ್ಟು ಬೇಗ ನಕ್ಕುಬಿಟ್ಟರೆ ನಾನೇನು ಮಾಡಲಿ?

ಈಗ ಆ ಆಯುಧದ ಕಥೆ. ನಮ್ಮ ಕಡೆ ಕಕ್ಷಿದಾರರಿಗೂ ವಕೀಲರಿಗೂ ಫೀಸಿನ ತಕರಾರು ಬರುವುದು ಕೇಸು ಮುಗಿದ ಮೇಲೆ. ಗೆದ್ದರೆ ಅದು ನಮ್ಮ ಸಾಕ್ಷಿಯಿಂದ, ಸೋತರೆ ನಿಮ್ಮ ವಾದದಿಂದ, ಎರಡರಲ್ಲೂ ನಿಮಗೆ ಫೀಸು ಯಾಕೆ ಎಂಬುದು ಅವರ ಕಡೆಯ ವಾದ. ಮಾವ ಇಂಥವರನ್ನು ಕೂರಿಸಿ, ಟೀ ತರಿಸಿ (ಅಂದರೆ ನನ್ನಿಂದ), ಕೇಳುವ ಮೊದಲೇ ಅರ್ಧ ಇಳಿಸಿ, ಇಳಿಸಿದ್ದರಲ್ಲಿ ಮತ್ತೆ ಅರ್ಧ ಇಳಿಸಿ ರಾಜಿಯಾಗುತ್ತಿದ್ದರು. ಅದೇ ಕಕ್ಷಿದಾರ ಮೆಟ್ಟಿಲಿಳಿದು ಬಸ್ ನಿಲ್ದಾಣಕ್ಕೆ ಹೋಗಿ, ಸಿಕ್ಕವರಿಗೆಲ್ಲ, “ಏನೋ ಎಡವಟ್ಟು ಮಾಡವ್ನೆ ಕಣ್ಲಾ, ಇಲ್ದಿದ್ರೆ ಲಾಯ್ರು ಪೀಸು ಬುಟ್ಟಾನಾ” ಎನ್ನುತ್ತಿದ್ದ.

ಇದನ್ನು ನೋಡಲಾರದೆ ನಾನು ಮೊಬೈಲಿನಲ್ಲಿ ಯಾರದೋ ಉಪನ್ಯಾಸ ಕೇಳಿ ಒಂದು ಉಪಾಯ ಕಲಿತುಕೊಂಡೆ. ಫೀಸನ್ನು ಸುಮ್ಮನೆ ಬಿಟ್ಟುಕೊಡಬಾರದು. ರಾಜಿಯಾಗುವಾಗ ಕಕ್ಷಿದಾರನಿಂದ ಬಿಡುಗಡೆ ಪತ್ರ ಬರೆಸಿಕೊಳ್ಳಬೇಕು. ‘ಫೀಸಿನ ಲೆಕ್ಕ ಚುಕ್ತಾ ಆಗಿದೆ, ಈ ಕೇಸಿನ ಬಗ್ಗೆ ಇನ್ನು ಮುಂದೆ ವಕೀಲರ ಮೇಲೆ ಯಾವ ದೂರನ್ನೂ ಕೊಡುವುದಿಲ್ಲ, ಯಾವ ಪರಿಹಾರವನ್ನೂ ಕೇಳುವುದಿಲ್ಲ’ ಎಂದು ಅವನು ಸಹಿ ಹಾಕಿದರೆ ಇಬ್ಬರಿಗೂ ನೆಮ್ಮದಿ. ಒಂದೇ ಪುಟದಲ್ಲಿ ಚೆಂದವಾಗಿ ಟೈಪು ಮಾಡಿಸಿ ಮಾವನ ಮೇಜಿನ ಮೇಲಿಟ್ಟೆ.

ಮಾವ ಓದಿದರು. ಮತ್ತೆ ಓದಿದರು. ಕನ್ನಡಕ ಹಣೆಗೆ ಏರಿತು.

“ಚೆನ್ನಾಗಿ ಬರ್ದಿದ್ದೀಯ ಕಣ್ಲಾ ಅಳಿಯ. ಬರೆಸಿಕೊಳ್ಳೋನ ಕಡೆಗೆ ಲಾಯ್ರು ನಾನಿದ್ದೀನಿ. ಸಹಿ ಹಾಕೋನ ಕಡೆಗೆ ಲಾಯ್ರು ಯಾರು?”

“ಅವನಿಗೂ ನೀವೇ ಅಲ್ವಾ ಮಾವ?”

“ಅದೇನಪ್ಪಾ ಅಂದ್ರೆ, ಅದೇ ತೊಂದ್ರೆ.”

ಹಾಗೆಂದು ಅವರು ಅಲ್ಲೇ ಎರಡು ಕಟ್ಟಳೆ ಮಾಡಿದರು. ಒಂದು, ಪತ್ರದ ಪ್ರತಿ ಸಾಲನ್ನೂ ಕಕ್ಷಿದಾರನಿಗೆ ಅರ್ಥವಾಗುವ ಮಾತಿನಲ್ಲಿ ತಾವೇ ಓದಿ ಹೇಳುವುದು. ಇನ್ನೊಂದು, ಸಹಿ ಹಾಕುವ ಮೊದಲು ಆತ ಅದನ್ನು ತೆಗೆದುಕೊಂಡು ಹೋಗಿ ಬೇರೊಬ್ಬ ವಕೀಲರಿಗೆ ತೋರಿಸಿ ಬರುವುದು. ಬಸ್ ಚಾರ್ಜು ಮಾವನದು! ತನ್ನ ಮೇಲೆ ಬೀಸುವ ಕತ್ತಿಯನ್ನು ಸಾಣೆ ಹಿಡಿಸಿಕೊಂಡು ಬಾ ಎಂದು ಎದುರಾಳಿಗೆ ದಾರಿಖರ್ಚು ಕೊಡುವ ವೀರನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಮೊದಲ ಪ್ರಯೋಗ ನಡೆದದ್ದು ವೈದ್ಯನಾಥಪುರದ ಒಬ್ಬ ತೆಂಗಿನ ತೋಟದ ಯಜಮಾನನ ಮೇಲೆ. ಬೇಲಿಯ ವ್ಯಾಜ್ಯ ಮುಗಿದಿತ್ತು, ಫೀಸಿನ ವ್ಯಾಜ್ಯ ಶುರುವಾಗಿತ್ತು. ಮಾವ ಅರ್ಧ ಇಳಿಸಿ ಪತ್ರ ಕೈಗೆತ್ತಿಕೊಂಡರು. ನೀನು ಇದಕ್ಕೆ ಸಹಿ ಹಾಕಿದರೆ, ನಾಳೆ ನಾನು ನಿನ್ನ ಕೇಸನ್ನು ಕೆಡಿಸಿದ್ದೆ ಅಂತ ಗೊತ್ತಾದರೂ ನೀನು ತುಟಿ ಬಿಚ್ಚುವ ಹಾಗಿಲ್ಲ ಎಂದು ವಿವರಿಸಿದರು. ಯಜಮಾನನ ಕೈಯಲ್ಲಿದ್ದ ಟೀ ಲೋಟ ನಿಂತಿತು. ಕೆಡಿಸಿದ್ದೀರಾ ಎಂದು ಕೇಳಿದ. ಇಲ್ಲ ಎಂದರು ಮಾವ. ಕೆಡಿಸಿಲ್ಲದಿದ್ದರೆ ಇದನ್ನು ಯಾಕೆ ಬರೆದಿದ್ದೀರಿ ಎಂದ. ಒಂದು ವೇಳೆ ಕೆಡಿಸಿದ್ದರೆ ಎಂದರು ಮಾವ. ಹೀಗೆ ಕೆಡಿಸಿದ್ದೀರಾ, ಇಲ್ಲ, ಮತ್ತೆ ಯಾಕೆ ಎಂಬ ಗಾಣ ಬಹಳ ಹೊತ್ತು ತಿರುಗಿತು. ಕಡೆಗೆ ಯಜಮಾನ ಎದ್ದು ನಿಂತು ಪಂಚೆಯ ಮಡಿಕೆಯಿಂದ ದುಡ್ಡು ತೆಗೆದ.

“ಪೀಸು ಪೂರ್ತಾ ತಕ್ಕಳಿ ಸ್ವಾಮಿ. ಬಿಡುಗಡೆ ಪತ್ರಕ್ಕೆ ಸಹಿ ಆಕ್ಬುಟ್ಟು ನಮ್ಮಪ್ಪ ಅಣ್ತಮ್ಮಂದ್ರಿಗೆ ಅರ್ಧ ಎಕ್ರೆ ಕಳ್ಕಂಡ. ನಾನಂತೂ ಆಕಲ್ಲ.”

ಸುದ್ದಿ ಯಲಿಯೂರಿನವರೆಗೂ ಹಬ್ಬಿತು. ಮದ್ದೂರಿನ ಲಾಯರ ಹತ್ತಿರ ಒಂದು ಕಾಗದ ಇದೆಯಂತೆ, ಫೀಸು ತಕರಾರು ತೆಗೆದರೆ ಓದುತ್ತಾರಂತೆ! ನಮ್ಮ ಆಫೀಸಿನಲ್ಲಿ ಬಾಕಿ ವಸೂಲಿ ಇದ್ದಕ್ಕಿದ್ದ ಹಾಗೆ ಸಲೀಸಾಯಿತು. ನಾನು ಕುಣಿದಾಡುತ್ತಿದ್ದರೆ ಮಾವ ಮಾತ್ರ ಮಂಕಾದರು. ವಿಚಾರಿಸಿದರೆ, “ಎಲ್ಲರೂ ದುಡ್ಡು ಕೊಡ್ತಾವ್ರೆ, ಒಬ್ಬನೂ ಸಹಿ ಹಾಕ್ತಿಲ್ವಲ್ಲೋ” ಎಂದರು.

ಸಹಿ ಸಿಗದ ಸಂಕಟಕ್ಕೆ ಅವರು ಕಕ್ಷಿದಾರರಲ್ಲದವರ ಮೇಲೂ ಬಿದ್ದರು. ಕ್ಷೌರದಂಗಡಿಯವನು ಮೀಸೆಯ ಎಡಭಾಗವನ್ನು ಒಂದು ಕೂದಲು ಜಾಸ್ತಿ ಕತ್ತರಿಸಿದನೆಂದು ಚೌಕಾಸಿ ಮಾಡಿ, ರಾಜಿಯಾಗಿ, ‘ಸದರಿ ಮೀಸೆಯ ವಿಚಾರದಲ್ಲಿ ನನ್ನಿಂದ ನಿನಗೆ ಇನ್ನು ಯಾವ ಬಾಧೆಯೂ ಇಲ್ಲ’ ಎಂದು ತಾವೇ ಬರೆದುಕೊಟ್ಟು ಬಂದರು. ಅವನು ಅದನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದಾನೆ. ಬಂದ ಗಿರಾಕಿಗಳು ಓದಿ, ಮೀಸೆಯನ್ನು ಒಂದು ಸಲ ಮುಟ್ಟಿ ನೋಡಿಕೊಂಡು, ಆಮೇಲೆ ಕೂರುತ್ತಾರೆ.

ಮನೆಯಲ್ಲಿ ಮಾತ್ರ ಆಯುಧ ತಿರುಗಿ ಬಿತ್ತು. ಬಸ್ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅತ್ತೆಯೊಡನೆ ಮಾತಿಗೆ ಮಾತು ಬೆಳೆಯಿತು. ಕಡೆಗೆ ಮಾವ, ಆಗಿದ್ದು ಆಯಿತು, ಇಬ್ಬರೂ ಬಾಯಿಮಾತಿನಲ್ಲೇ ಒಂದು ಬಿಡುಗಡೆ ಮಾಡಿಕೊಳ್ಳೋಣ, ಹಳೆಯದನ್ನು ಯಾರೂ ಎತ್ತುವ ಹಾಗಿಲ್ಲ ಎಂದರು. ಹಳೆಯದು ಎಂದರೆ ಎಲ್ಲಿಂದ ಎಂದು ಅತ್ತೆ ಕೇಳಿದರು. ಮದುವೆಯಿಂದ ಎಂದು ಮಾವ ಉದಾರವಾಗಿ ಹೇಳಿದರು. ಅತ್ತೆ ಸೌಟನ್ನು ಕೆಳಗಿಟ್ಟು, ಅಷ್ಟು ದೊಡ್ಡ ಬಾಬತ್ತಾದರೆ ಬೇರೆಯವರ ಸಲಹೆ ಕೇಳದೆ ಒಪ್ಪುವುದು ನಿಮ್ಮ ಕಟ್ಟಳೆಗೇ ವಿರುದ್ಧ ಎಂದು ಹೇಳಿ ಚಿಕ್ಕರಸಿನಕೆರೆಯ ತವರಿಗೆ ಬಸ್ಸು ಹತ್ತಿದರು. ಸಲಹೆ ಸಿಗುವುದು ತಡವಾಯಿತು. ಅಷ್ಟೂ ದಿನ ಮಾವನೂ ನಾನೂ ಹೋಟೆಲಿನಲ್ಲಿ ಉಂಡೆವು. ಅಲ್ಲಿ ಉಪ್ಪಿನ ವಿಚಾರದಲ್ಲಿ ಮಾವ ಚಕಾರವೆತ್ತಲಿಲ್ಲ.

ಇದನ್ನೆಲ್ಲ ನಾನು ಸಂಘದ ಕೋಣೆಯಲ್ಲಿ ಒಂದು ಪ್ರದರ್ಶನವಾಗಿ ಬೆಳೆಸಿದ್ದೆ. ಒಂದು ಮಧ್ಯಾಹ್ನ ಪತ್ರ ಓದುವ ಭಾಗಕ್ಕೆ ಬಂದು, ಕನ್ನಡಕ ಹಣೆಗೇರಿಸಿ, ‘ನೀನು ತುಟಿ ಬಿಚ್ಚಂಗಿಲ್ಲ ಕಣಪ್ಪ’ ಎನ್ನುವಷ್ಟರಲ್ಲಿ ನಗು ಒಮ್ಮೆಲೇ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ! ನನ್ನ ವಕೀಲಿ ವೃತ್ತಿ ಅಲ್ಲಿಗೆ ಮುಗಿಯಿತೆಂದುಕೊಂಡೆ. ಅವರು ನಿಧಾನವಾಗಿ ಬಂದು ನನ್ನ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿ, ಆ ಮಾತು ಹೇಳುವಾಗ ತಾವು ಕನ್ನಡಕ ಏರಿಸುವುದಿಲ್ಲ, ಇಳಿಸುತ್ತೇವೆ, ಸರಿಯಾಗಿ ಮಾಡು ಎಂದು ತಿದ್ದಿ, ಒಂದು ಲೋಟ ನೀರು ಕುಡಿದು ಹೋದರು.

ಇಂಥವರ ಬದುಕಿನಲ್ಲಿ ನಿಜವಾದ ಪೇಚು ಬಂದದ್ದು ಬೀಗರೂಟದಿಂದ. ನಮ್ಮ ಜಿಲ್ಲೆಯ ಆಚೆಯವರಿಗೆ ಹೇಳಬೇಕಾದರೆ, ಮದುವೆಯಾದ ಮೇಲೆ ಬೀಗರು ಬೀಗರಿಗೆ ಹಾಕುವ ಬಾಡೂಟವೇ ಬೀಗರೂಟ. ಮದುವೆಗೆ ಹೋಗದಿದ್ದರೆ ಏನಾದರೂ ನೆಪ ಹೇಳಬಹುದು. ಬೀಗರೂಟ ತಪ್ಪಿಸಿದವನ ನೆಪವನ್ನು ಹೆತ್ತ ತಾಯಿಯೂ ನಂಬುವುದಿಲ್ಲ. ಅದಕ್ಕೇ ನಮ್ಮ ವಕೀಲರಲ್ಲಿ ಒಂದು ಬಾಯಿಮಾತಿನ ಒಪ್ಪಂದ ಇದೆ. ಎರಡೂ ಕಡೆಯ ವಕೀಲರಿಗೆ ಒಂದೇ ಬೀಗರೂಟದ ಕರೆಯೋಲೆ ಬಂದಿದ್ದರೆ ಅವತ್ತೇ ಕೇಸು ನಡೆಯಲಿ ಎಂದು ಯಾರೂ ಪಟ್ಟು ಹಿಡಿಯುವುದಿಲ್ಲ. ಜೂನಿಯರುಗಳು ಹೋಗಿ ಬೇರೆ ದಿನ ಕೇಳಿಕೊಂಡು ಬರುತ್ತಾರೆ, ಸೀನಿಯರುಗಳು ಒಂದೇ ಪಂಕ್ತಿಯಲ್ಲಿ ಮುದ್ದೆ ಮುರಿಯುತ್ತಾರೆ.

ಮಳವಳ್ಳಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುವ ಒಬ್ಬ ಅಕ್ಕ ಮಾವನ ಕಕ್ಷಿದಾರೆ. ಮಿಲ್ಲು ಇರುವುದು ಬಾಡಿಗೆಯ ಕಟ್ಟಡದಲ್ಲಿ. ಮಾಲೀಕ ಅದನ್ನು ಖಾಲಿ ಮಾಡಿಸಲು ದಾವೆ ಹಾಕಿದ್ದ. ಆಕೆ ಕಟಕಟೆ ಹತ್ತಿ ಸಾಕ್ಷಿ ಹೇಳಬೇಕಾದ ದಿನವೇ ಅತ್ತೆಯ ತವರೂರಿನಲ್ಲಿ ಬೀಗರೂಟ ಬಿತ್ತು. ಎದುರು ವಕೀಲರಿಗೂ ಕರೆ ಹೋಗಿತ್ತು. ಮಾವ ನಿಶ್ಚಿಂತೆಯಿಂದ ಆಕೆಗೆ ಫೋನು ಮಾಡಿ, ಇವತ್ತು ಏನೂ ನಡೆಯುವುದಿಲ್ಲ, ಮಿಲ್ಲು ಮುಚ್ಚಿಕೊಂಡು ಬರಬೇಡ ಎಂದರು. ನನ್ನನ್ನು ಮಳವಳ್ಳಿಗೆ ಅಟ್ಟಿ, ತಾವು ಚಿಕ್ಕರಸಿನಕೆರೆಗೆ ಹೋದರು.

ಕೋರ್ಟಿನಲ್ಲಿ ನೋಡುತ್ತೇನೆ, ಎದುರು ವಕೀಲರು ಫೈಲು ಹಿಡಿದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಕೊರಳಲ್ಲಿ ಶಬರಿಮಲೆಯ ಮಾಲೆ! ಮಾಲೆ ಹಾಕಿದವರು ಬಾಡೂಟದ ನೆರಳನ್ನೂ ತುಳಿಯುವುದಿಲ್ಲ. ಒಪ್ಪಂದ ಇರುವುದು ಉಣ್ಣುವವರ ನಡುವೆ, ಅವರೋ ಈಗ ಉಣ್ಣುವ ಕಡೆಯವರೇ ಅಲ್ಲ. ಕೇಸು ಕೂಗಿದಾಗ ಅವರು, ಪ್ರತಿವಾದಿ ಹಾಜರಿಲ್ಲ, ಸಾಕ್ಷಿಯೂ ಇಲ್ಲ ಎಂದರು. ನಾನು ‘ಸ್ವಾಮಿ’ ಎನ್ನಲು ಉಸಿರು ತೆಗೆದುಕೊಂಡೆ. ಆ ಉಸಿರು ಪದವಾಗಿ ಹೊರಬರುವಷ್ಟರಲ್ಲಿ ಆಕೆಯ ಕಡೆಯ ಸಾಕ್ಷ್ಯ ಮುಗಿಯಿತೆಂದು ಬರೆದಾಗಿತ್ತು. ಕೇಸನ್ನು ತೀರ್ಪಿಗೇ ಇಟ್ಟರು. ಫೋನು ಮಾಡಿ ಹೇಳಿದಾಗ ಮಾವ ಪಂಕ್ತಿಯಲ್ಲಿದ್ದರು. ಹಿಂದಿನ ಗದ್ದಲದಲ್ಲಿ ಯಾರೋ, ಇನ್ನೊಂದು ಪೀಸು ಹಾಕಲಾ ಎಂದು ಕೇಳುತ್ತಿದ್ದುದು ನನಗೆ ಕೇಳಿಸಿತು.

ತೀರ್ಪು ಬರುವ ಮೊದಲು, ನಮ್ಮ ಸಾಕ್ಷ್ಯಕ್ಕೆ ಇನ್ನೊಂದು ಅವಕಾಶ ಕೊಡಿ ಎಂದು ಅರ್ಜಿ ಹಾಕಬಹುದು. ಕೊಟ್ಟರೆ ಮಿಲ್ಲು ಉಳಿಯಬಹುದು, ಕೊಡದಿದ್ದರೆ ಬೀದಿಗೆ. ಇದನ್ನು ತಿಳಿದು ಅಕ್ಕ ಮದ್ದೂರಿಗೆ ಬಂದಳು. ಹುಬ್ಬಿನ ಮೇಲೆ ಇನ್ನೂ ರಾಗಿಹಿಟ್ಟಿತ್ತು. ಮಾವ ಕಡತದ ದಾರವನ್ನು ಬಿಚ್ಚಿ ಕಟ್ಟುತ್ತ ಕುಳಿತಿದ್ದರು. ಏನಾದರೂ ಮಾತಾಡಬೇಕೆಂಬ ಗಾಬರಿಯಲ್ಲಿ ನಾನು, ಅಂದರೆ ಈ ಜಿಲ್ಲೆಯ ಅತಿ ಬುದ್ಧಿವಂತ, ಬಾಕಿ ಫೀಸಿನ ಮಾತೆತ್ತಿದೆ. ಆಕೆ ನನ್ನ ಕಡೆ ನೋಡಲೂ ಇಲ್ಲ.

“ನೀನು ಉಣ್ಣಾಕೋದ ದಿನಕ್ಕೂ ಪೀಸಾ ಲಾಯ್ರಣ್ಣ?”

ಅವತ್ತು ಸಂಜೆ ನಾನು ಕುಳಿತು ನನ್ನ ಜೀವಮಾನದ ಅತ್ಯುತ್ತಮ ಬಿಡುಗಡೆ ಪತ್ರ ಬರೆದೆ. ನಗಬೇಡಿ, ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಆಕೆ ಒಂದು ದೂರು ಕೊಟ್ಟರೆ ಮಾವನ ಸನ್ನದಿಗೇ ಕುತ್ತು. ವಕೀಲಿಯ ಪರವಾನಗಿ ಹೋದರೆ ಆ ಕರಿಕೋಟಿನ ಒಳಗೆ ಬೇರೆ ಮನುಷ್ಯನೇ ಇಲ್ಲ. ಬಾಕಿ ಫೀಸು ಪೂರ್ತಿ ಮನ್ನಾ, ಕೊಟ್ಟಿದ್ದರಲ್ಲೂ ಅರ್ಧ ವಾಪಸ್ಸು, ಬದಲಿಗೆ ವಕೀಲರ ಮೇಲೆ ಯಾವ ದೂರೂ ಇಲ್ಲ ಎಂದು ಬರೆದೆ. ನಡುವೆ, ಯಾರ ಕಣ್ಣಿಗೂ ಬೀಳದಂತೆ, ‘ವಕೀಲರು ತಮ್ಮ ಕರ್ತವ್ಯವನ್ನು ನನಗೆ ತೃಪ್ತಿಯಾಗುವಂತೆ ನಿರ್ವಹಿಸಿರುತ್ತಾರೆ’ ಎಂಬ ಒಂದು ಸಾಲನ್ನು ಮಲಗಿಸಿದೆ.

ಅಕ್ಕ ಮತ್ತೆ ಬಂದಳು. ದುಡ್ಡು ವಾಪಸ್ಸು ಎಂದ ಕೂಡಲೇ ಆಕೆ ಪೆನ್ನು ಕೇಳಿದಳು. ಕಷ್ಟದಲ್ಲಿದ್ದವಳು, ಯಾಕೆ ಕೇಳುವುದಿಲ್ಲ? ನಾನು ಪೆನ್ನಿನ ಮುಚ್ಚಳ ತೆಗೆದು ಕೊಟ್ಟೂ ಆಯಿತು. ಮಾವ, ಇರು ತಾಯಿ, ಓದಿ ಹೇಳ್ತೀನಿ ಎಂದು ಗಂಟಲು ಸರಿಪಡಿಸಿಕೊಂಡರು. ಎಂದಿನಂತೆಯೇ ಓದಿದರು. ಆ ಮಲಗಿದ್ದ ಸಾಲಿಗೆ ಬಂದಾಗ ಓದು ನಿಂತಿತು. ನಾನು ಮೇಜಿನಡಿಯಲ್ಲಿ ಅವರ ಪಾದವನ್ನು ಮೆಲ್ಲಗೆ ತುಳಿದೆ.

“ಯಾಕ್ಲಾ ಕಾಲು ತುಳೀತೀಯ?” ಎಂದು ಮಾವ ಗಟ್ಟಿಯಾಗಿಯೇ ಕೇಳಿದರು.

ಇಷ್ಟು ವರ್ಷ ಅವರ ದನಿಯನ್ನು ಅನುಕರಣೆ ಮಾಡಿದವನು ನಾನು. ಆಮೇಲೆ ಬಂದ ದನಿ ನನಗೆ ಗೊತ್ತಿರಲಿಲ್ಲ. ಅದರಲ್ಲಿ ಗಂಟಲು ಸರಿಪಡಿಸುವುದಿರಲಿಲ್ಲ, ಕನ್ನಡಕ ಇರಲಿಲ್ಲ, ‘ಅದೇನಪ್ಪಾ ಅಂದ್ರೆ’ ಕೂಡ ಇರಲಿಲ್ಲ. ಆ ಸಾಲಿನ ಮೇಲೆ ಅವರು ಗೀಟು ಎಳೆದರು.

“ನೋಡವ್ವ, ನಿನ್ನ ಬರ್ಬೇಡ ಅಂದೋನು ನಾನು. ಎದುರು ಲಾಯ್ರು ಬರಲ್ಲ ಅಂದ್ಕೊಂಡೋನೂ ನಾನೇ. ತಪ್ಪು ನಂದು. ನೀನು ಇದಕ್ಕೆ ಸಹಿ ಹಾಕಿದ್ರೆ ಈ ತಪ್ಪಿಗೆ ನನ್ನ ಯಾರೂ ಏನೂ ಕೇಳಂಗಿಲ್ಲ. ಹಾಕದಿದ್ರೆ ನೀನು ದೂರು ಕೊಡ್ಬೋದು, ನಷ್ಟ ಕಟ್ಟಿಕೊಡು ಅಂತ ಕೇಳ್ಬೋದು. ಈ ದುಡ್ಡು ನಿಂದು, ಸಹಿ ಹಾಕ್ದೇನೇ ತಗೊಂಡೋಗು. ಮಂಡ್ಯದಲ್ಲಿ ಒಬ್ಬರು ಒಳ್ಳೇ ಲಾಯ್ರವ್ರೆ. ಅವರಿಗೆ ಎಲ್ಲಾನೂ ಹೇಳಿ, ಕಾಗದ ತೋರ್ಸಿ, ಆಮೇಲೆ ಬಾ.”

ಆಕೆ ಕಾಗದವನ್ನೂ ದುಡ್ಡನ್ನೂ ಸೆರಗಿಗೆ ಕಟ್ಟಿಕೊಂಡು ಮಂಡ್ಯದ ಬಸ್ಸು ಹತ್ತಿದಳು. ನಾನು ಮಾವನ ಮೇಲೆ ರೇಗಿದೆ. ಸನ್ನದನ್ನು ನೀವೇ ತಟ್ಟೆಯಲ್ಲಿಟ್ಟು ಕೊಟ್ಟಿರಿ ಎಂದೆ. ಅವರು ಟೈಪಿಸ್ಟನನ್ನು ಕರೆದು ಸಾಕ್ಷ್ಯಕ್ಕೆ ಅವಕಾಶ ಕೇಳುವ ಅರ್ಜಿಯನ್ನು ಹೇಳಿ ಬರೆಸಿದರು. ಜೊತೆಗೆ ತಮ್ಮದೇ ಒಂದು ಪ್ರಮಾಣಪತ್ರ. ಗೈರುಹಾಜರಿಗೆ ಕಾರಣ ತಾವು, ಕಕ್ಷಿದಾರರಲ್ಲ ಎಂದು. ಅನಾರೋಗ್ಯವಿತ್ತು ಅಂತ ಹಾಕಿಸೋಣ ಮಾವ, ಎಲ್ಲರೂ ಅದನ್ನೇ ಹಾಕುತ್ತಾರೆ ಎಂದೆ. ಊಟಕ್ಕೆ ಹೋಗಿದ್ದೆ ಅಂತಲೇ ಇರಲಿ ಎಂದರು. ಟೈಪಿಸ್ಟ್ ಅವತ್ತು ಒಂದು ಸಲವೂ ಆಕಳಿಸಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಬಂದಾಗ ಮಾವನ ಮೇಜಿನ ಮೇಲೆ ಅವಳ ಕೇಸಿನ ಕಡತ ಒಂದೇ ಇತ್ತು. ಮೇಲ್ಗಡೆ ಅರ್ಜಿ, ಪ್ರಮಾಣಪತ್ರ. ಅದರ ಮೇಲೆ ಇನ್ನೊಂದು ಸಣ್ಣ ಕಾಗದ. ಕಕ್ಷಿದಾರರು ಬೇರೆ ವಕೀಲರನ್ನು ಇಟ್ಟುಕೊಳ್ಳಲು ತಮ್ಮದೇನೂ ಆಕ್ಷೇಪಣೆ ಇಲ್ಲವೆಂದು ಮಾವ ಸಹಿ ಹಾಕಿಟ್ಟಿದ್ದು.

ಮಂಡ್ಯದವರು ಏನೆಂದರು ಎಂದು ಮಾವ ಕೇಳಿದರು. ಸುತರಾಂ ಸಹಿ ಹಾಕಬೇಡ ಅಂದರು ಎಂದಳು ಅಕ್ಕ. ಸರಿಯಾಗಿಯೇ ಹೇಳಿದ್ದಾರೆ ಎಂದು ಮಾವ ತಲೆಯಾಡಿಸಿದರು. ಬೇಕಾದರೆ ಕೇಸನ್ನು ತಾವೇ ನಡೆಸಿಕೊಡುತ್ತೇವೆ ಎಂದೂ ಅಂದರಂತೆ. ಅದೂ ಸರಿಯೇ ಎಂದು ಮಾವ ಕಡತವನ್ನು ಆಕೆಯ ಕಡೆಗೆ ಸರಿಸಿದರು. ಸರಿಸಿದ ಮೇಲೂ ಅವರ ಅಂಗೈ ಅದರ ಮೇಲೇ ಇತ್ತು. ಮಗುವನ್ನು ಬೇರೆಯವರ ಕೈಗೆ ಕೊಡುವಾಗ ತಲೆ ಹಿಡಿದುಕೊಳ್ಳುತ್ತಾರಲ್ಲ, ಹಾಗೆ.

ಅಕ್ಕ ಆ ಸಣ್ಣ ಕಾಗದವನ್ನು ತೆಗೆದು ನೋಡಿದಳು. ಅದೇನೆಂದು ನನ್ನಿಂದ ಓದಿಸಿ ಕೇಳಿದಳು. ಮಡಿಸಿ ಮಾವನ ಜೇಬಿಗೆ ತಾನೇ ತುರುಕಿದಳು. ಬಿಡುಗಡೆ ಪತ್ರವನ್ನೂ ಸಹಿಯಿಲ್ಲದೆ ಅದರ ಹಿಂದೆಯೇ ತುರುಕಿದಳು. ಅರ್ಜಿ ಯಾವತ್ತು ಹಾಕುವುದು ಎಂದು ಕೇಳಿದಳು. ಹಾಕುವುದಾದರೆ ಇವತ್ತೇ ಎಂದರು ಮಾವ. ಆಕೆ ಕಡತವನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡು, ಬಾಗಿಲ ಕಡೆಗೆ ಹೋಗಿ, ಅಲ್ಲಿ ನಿಂತು, ಮಾವ ಏಳುವುದನ್ನೇ ಕಾಯತೊಡಗಿದಳು. ಆಗಲೇ ಮಾವನಿಗೆ ಅರ್ಥವಾದದ್ದು. ಕೋಟಿನ ತೋಳಿಗೆ ಕೈ ತೂರಿಸಲು ಹೋಗಿ ಎರಡು ಸಲ ತಪ್ಪಿದರು.

“ಇಷ್ಟಾದ ಮೇಲೂ ನನ್ನ ಮೇಲೆ ನಂಬಿಕೆ ಇಟ್ಟಿದ್ದೀಯಲ್ಲವ್ವ” ಎಂದರು.

ಅಕ್ಕ ಕಿಟಕಿಯಾಚೆ ನೋಡಿದಳು.

“ನಂಬ್ಕೆ ಐತೆ ಅಂತ ಯಾರಂದ್ರು ಲಾಯ್ರಣ್ಣ? ಓದ್ಸಲ ನಂಬ್ಕಂಡು ಮಿಲ್ಲಲ್ಲೇ ಕುಂತಿದ್ದೆ. ಈ ಸಲ ನಿನ್ ಪಕ್ಕದಲ್ಲೇ ಕುಂತ್ಕತೀನಿ. ಏಳು, ಮಳವಳ್ಳಿ ಬಸ್ಸು ಬತ್ತು.”